ಜಿಂಕೆ ಬೇಟೆಗೆ ಮೊದಲ ರೈಫಲ್ ಯಾವುದು ತಗೊಳ್ಳಲಿ? (ಬೇಟೆ ವಿಸ್ಕಾನ್ಸಿನ್‌ನಲ್ಲಿ, ಇಲ್ಲಿ ಅಲ್ಲ!)

ಉಣಕಲ್_ಹುಡುಗ

ಎಲ್ಲರಿಗೂ ನಮಸ್ಕಾರ ರೀ. ಬೈಯುವ ಮೊದಲು ತಲೆಬರಹ ಪೂರ್ತಿ ಓದಿ. ಬೇಟೆ ಅಮೆರಿಕದಲ್ಲಿ. ನಮ್ಮ ಹುಬ್ಬಳ್ಳಿಯಲ್ಲಿ ಚಿಗರಿ (ಕೃಷ್ಣಮೃಗ) ಅಂದರೆ ಈಗ ಆ ಹೆಸರಿನ ಬಸ್ಸು, ಅದಕ್ಕೆ ಗುರಿ ಇಡುವ ಯೋಚನೆ ನನಗಿಲ್ಲ.

ನಾಲ್ಕು ವರ್ಷದಿಂದ ವಿಸ್ಕಾನ್ಸಿನ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಆಗಸ್ಟ್ ಮೊದಲ ವಾರ ವಾಪಸ್. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹಿರಿಯರೊಬ್ಬರು ಈ ನವೆಂಬರ್‌ಗೆ ಜಿಂಕೆ ಬೇಟೆಗೆ ಕರೆದಿದ್ದಾರೆ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ ಬಂದೂಕಿನ ಬೇಟೆ. ಜಾತ್ರೆ ಇದ್ದಾಗ ನಮ್ಮಲ್ಲಿ ಅಂಗಡಿ ಮುಚ್ಚುವ ಹಾಗೆ ಅಲ್ಲಿ ಅರ್ಧ ಆಫೀಸ್ ಖಾಲಿ ಆಗುತ್ತದೆ.

ನನ್ನ ಅನುಭವ: ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಬಲೂನ್ ಒಡೆದದ್ದು. ಹತ್ತಕ್ಕೆ ಮೂರು. ಅಷ್ಟೇ.

ಸ್ಕೋಪ್ (ಗುರಿ ನೋಡುವ ದುರ್ಬೀನು) ಸೇರಿ 800 ಡಾಲರ್ ಒಳಗೆ ಆಗಬೇಕು. ಎತ್ತರ ಐದಡಿ ನಾಲ್ಕಿಂಚು, ತೂಕ 58 ಕೆಜಿ. ಅಂಗಡಿಗೆ ಹೋದರೆ .243, .270, .308, 30-06, 6.5 ಕ್ರೀಡ್‌ಮೂರ್ ಅಂತ ತೋಟಾಗಳ ಹೆಸರು ಗೋಡೆ ತುಂಬಾ ಮಗ್ಗಿ ಬರೆದಿಟ್ಟ ಹಾಗೆ ಕಾಣುತ್ತದೆ. ಯಾವುದು ತಗೊಳ್ಳಲಿ?

ಕ್ಯಾಲಿಬರ್_ಕಿಂಗ್

.300 ವಿನ್ ಮ್ಯಾಗ್ ತಗೊಳ್ಳಿ ಬ್ರೋ, ಜೋರಾದ ಮ್ಯಾಗ್ನಂ ತೋಟಾ. ನಾಳೆ ಎಲ್ಕ್ ಅನ್ನುವ ದೊಡ್ಡ ಜಿಂಕೆ, ಕರಡಿ ಯಾವುದಕ್ಕೆ ಹೋದರೂ ಒಂದೇ ರೈಫಲ್ ಸಾಕು. ಮೇಲೆ 5-25 ಸ್ಕೋಪ್, ಅಂದರೆ 5ರಿಂದ 25 ಪಟ್ಟು ದೊಡ್ಡದಾಗಿ ತೋರುವುದು. ಸಾವಿರ ಗಜ ಆರಾಮಾಗಿ ಹೊಡೆಯಬಹುದು. ನಾನು ನೂರಾರು ವಿಡಿಯೊ ನೋಡಿದ್ದೇನೆ.

ಹವಾಲ್ದಾರ_ಕಾಕಾ

ಕಿಂಗ್ ಅವರೇ, ವಿಡಿಯೊ ನೋಡಿದರೆ ಭುಜ ನೋಯುವುದಿಲ್ಲ, ಅದೇ ತೊಂದರೆ.

ತಮ್ಮಾ, ನಾನು ಧಾರವಾಡದವನು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇದ್ದು ನಿವೃತ್ತಿ ಆದವನು. ಬೇಟೆ ನನಗೆ ಗೊತ್ತಿಲ್ಲ, ರೈಫಲ್ ಗೊತ್ತು. ಬೆಳಗಾವಿಯಲ್ಲಿ ರಂಗರೂಟ್ ಆಗಿದ್ದಾಗ ಕೈಗೆ ಕೊಟ್ಟದ್ದು ಎಸ್‌ಎಲ್‌ಆರ್, ಆಗಿನ ಸೇನೆಯ ರೈಫಲ್. ಅದರ ತೋಟಾ 7.62, ನೀನು ಕೇಳುತ್ತಿರುವ .308ಗೆ ಹೆಚ್ಚುಕಡಿಮೆ ಅಣ್ಣತಮ್ಮ. ಎಸ್‌ಎಲ್‌ಆರ್ ನಾಲ್ಕು ಕೆಜಿಗೂ ಜಾಸ್ತಿ ಭಾರ. ಆ ಭಾರವೇ ಗುಂಡು ಹೊರಟಾಗಿನ ಅರ್ಧ ಒದೆತ ನುಂಗುತ್ತಿತ್ತು. ಆದರೂ ಮೊದಲ ದಿನ ರೇಂಜಿನಿಂದ ಬಂದು ಬನಿಯನ್ ತೆಗೆದರೆ ಭುಜ ಬದನೆಕಾಯಿ ಬಣ್ಣ. ಬಟ್ (ರೈಫಲ್ಲಿನ ಹಿಂಭಾಗ) ಅನ್ನು ಭುಜದ ಗುಂಡಿಗೆ ಒತ್ತಿ ಹಿಡಿಯದೆ ತೋಳಿನ ಮೇಲೆ ಇಟ್ಟುಕೊಂಡಿದ್ದೆ. ಉಸ್ತಾದ್ ನಕ್ಕರು, ಏನೂ ಹೇಳಲಿಲ್ಲ.

ನಿಜವಾದ ತೊಂದರೆ ನೋವಲ್ಲ. ಎರಡನೇ ದಿನ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತದೆ. ಭುಜ ತಾನಾಗಿ ಮುಂದೆ ನೂಕುತ್ತದೆ. ಗುಂಡು ಎಲ್ಲೋ ಮಣ್ಣಿಗೆ. ಈ ಚಟ ಒಮ್ಮೆ ಅಂಟಿದರೆ ಬಿಡಿಸಲು ತಿಂಗಳು ಬೇಕು. ಬೇಟೆಯ ರೈಫಲ್‌ಗಳು ಎಸ್‌ಎಲ್‌ಆರ್‌ಗಿಂತ ಹಗುರ, ಅಂದರೆ ಅದೇ ತೋಟಾ ಜಾಸ್ತಿ ಒದೆಯುತ್ತದೆ. 58 ಕೆಜಿ ಮನುಷ್ಯನಿಗೆ ಮ್ಯಾಗ್ನಂ ಕೊಡುವುದು, ಈಜು ಕಲಿಯುವವನನ್ನು ಮಳೆಗಾಲದ ತುಂಗಭದ್ರೆಗೆ ತಳ್ಳಿದ ಹಾಗೆ.

ಗದಗಿನ_ಅಕ್ಕ

ಕಾಕಾ ಹೇಳಿದ್ದು ಸರಿ. ಆದರೆ ರೈಫಲ್‌ಗಿಂತ ಮುಂಚೆ ಇನ್ನೊಂದಿದೆ. ವೀಸಾ.

ನಾನು ಗದಗ ಬೆಟಗೇರಿಯವಳು, ಈಗ ಒಹಾಯೋದಲ್ಲಿ. ಐದು ವರ್ಷದಿಂದ ಬೇಟೆಗೆ ಹೋಗುತ್ತೇನೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾ ಇರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಇದು ಕೇಂದ್ರ ಸರ್ಕಾರದ ಕಾನೂನು, ಯಾವ ರಾಜ್ಯವಾದರೂ ಒಂದೇ. ಅದಕ್ಕೆ ಕೆಲವು ವಿನಾಯಿತಿ ಇವೆ. ಅದರಲ್ಲಿ ನಮಗೆ ಉಪಯೋಗಕ್ಕೆ ಬರುವುದು ಒಂದೇ: ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಅಂಗಡಿ. ಅಂಗಡಿಯವರು 4473 ಅನ್ನುವ ಫಾರ್ಮ್ ತುಂಬಿಸುತ್ತಾರೆ. ಅದರಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ತಪ್ಪು ಉತ್ತರ ಬರೆದರೆ ಅದೇ ಒಂದು ಅಪರಾಧ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯಿತು. ವಿಸ್ಕಾನ್ಸಿನ್ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್ ಒಂದಕ್ಕೆ ರೈಫಲ್ ನಿಮ್ಮ ಕಪಾಟಿನಲ್ಲಿ ಇದ್ದರೆ, ಬೇಟೆ ಇಲ್ಲದಿದ್ದರೂ ಸಿಕ್ಕಿಹಾಕಿಕೊಳ್ಳುತ್ತೀರಿ. ನಿಮ್ಮ ಹಿರಿಯರ ರೈಫಲ್ ಎರವಲು ತಗೊಂಡು ರೇಂಜಿನಲ್ಲಿ ಹೊಡೆಯುವುದಕ್ಕೂ ಇದೇ ಮಾತು. ಕೈಯಲ್ಲಿ ಹಿಡಿದರೂ ಇಟ್ಟುಕೊಂಡ ಲೆಕ್ಕವೇ. ಗ್ರೀನ್ ಕಾರ್ಡ್ ಬಂದ ಮೇಲೆ ಈ ರಗಳೆ ಇಲ್ಲ. ನನಗೆ ಬರುವವರೆಗೆ ನಾನು ಪ್ರತಿ ವರ್ಷ ತಾರೀಕು ನೋಡಿಕೊಂಡೇ ಬದುಕಿದೆ. ನಿಮ್ಮ ವಲಸೆ ವಕೀಲರನ್ನೂ ಒಮ್ಮೆ ಕೇಳಿ, ಈ ವಿಷಯದಲ್ಲಿ ನನ್ನ ಮಾತು ಒಂದನ್ನೇ ನಂಬಬೇಡಿ.

ಉಣಕಲ್_ಹುಡುಗ

ಅಕ್ಕಾರ, ಪುಣ್ಯ ಕಟ್ಟಿಕೊಂಡ್ರಿ. ಕಳೆದ ತಿಂಗಳು ಅವರ ರೈಫಲ್ ನೋಡಲು ಅವರ ಮನೆಗೆ ಹೋಗುವವನಿದ್ದೆ! ಮಳೆ ಬಂದು ಹೋಗಲಿಲ್ಲ.

ಮೆಕ್ಕೆಜೋಳ_ರಾಣೆಬೆನ್ನೂರು

ನಿಮ್ಮದೆಲ್ಲ ಓದುತ್ತಿದ್ದೇನೆ. ನಗು ಬರುತ್ತಿದೆ, ಹೊಟ್ಟೆಯೂ ಉರಿಯುತ್ತಿದೆ.

ನನ್ನ ಹೊಲ ಚಿಗರಿ ಅಭಯಾರಣ್ಯದ ಬಗಲಲ್ಲೇ. ಬಸ್ಸಲ್ಲ ರೀ, ನಾಲ್ಕು ಕಾಲಿನದು. ಬಿತ್ತಿ ಹತ್ತು ದಿನಕ್ಕೆ ಮೆಕ್ಕೆಜೋಳ ಎರಡೆಲೆ ಆಗುತ್ತದೆ ನೋಡಿ, ಆಗ ಬರುತ್ತವೆ. ನಸುಕಿನಲ್ಲಿ ಮೂವತ್ತು ನಲವತ್ತು. ಸಾಲು ಹಿಡಿದು ತಿನ್ನುತ್ತವೆ, ಕೂಲಿ ಕೊಟ್ಟು ಕಳೆ ತೆಗೆಸಿದ ಹಾಗೆ. ಕೂಗಿದರೆ ಜಿಗಿದು ಬದುವಿನ ಮೇಲೆ ನಿಂತು ತಿರುಗಿ ನೋಡುತ್ತವೆ. ಈ ಸಲ ಎರಡು ಎಕರೆ ಮತ್ತೆ ಬಿತ್ತಿದೆ. ಬೀಜದ ರೇಟು ನಿಮಗೆ ಗೊತ್ತೇ ಇದೆ.

ಅಲ್ಲಿ ನೀವು ದುಡ್ಡು ಕೊಟ್ಟು ಜಿಂಕೆ ಹುಡುಕಿಕೊಂಡು ಹೋಗುತ್ತೀರಿ. ಇಲ್ಲಿ ನಾನು ಕಲ್ಲು ಎತ್ತಿದರೂ ಅರಣ್ಯದವರು ಬರುತ್ತಾರೆ. ನನಗೂ ಒಂದು ರೈಫಲ್ ಸಿಗುತ್ತದಾ? ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡುತ್ತಾರೆ ಅಂತ ನಮ್ಮೂರಲ್ಲಿ ಮಾತು.

ಕಪ್ಪುಕೋಟು_ಧಾರವಾಡ

ಯಜಮಾನ್ರೇ, ನಿಧಾನ. ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ, ಸುಳ್ಳಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಅದರ ಮಾತು ಬರುತ್ತದೆ. ಆದರೆ ಅಲ್ಲಿ ಹೇಳಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ನಾಡ ಬಂದೂಕು, ಸ್ಕೋಪ್ ಹಾಕಿದ ರೈಫಲ್ ಅಲ್ಲ. ಮುಖ್ಯವಾಗಿ, ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲ ಅನುಸೂಚಿಯಲ್ಲಿದೆ. ಹುಲಿ ಇರುವ ಪಟ್ಟಿಯಲ್ಲೇ. ಹೊಡೆದರೆ ಮೂರರಿಂದ ಏಳು ವರ್ಷ ಜೈಲು. ಜೋಧಪುರದಲ್ಲಿ 1998ರಲ್ಲಿ ನಡೆದ ಬೇಟೆಗೆ ಹಿಂದಿ ಸಿನಿಮಾ ನಟರೊಬ್ಬರಿಗೆ 2018ರಲ್ಲಿ ಐದು ವರ್ಷದ ಶಿಕ್ಷೆ ಆಯಿತು, ಮೇಲ್ಮನವಿ ಹೋಯಿತು. ಇಪ್ಪತ್ತು ವರ್ಷ ಕೋರ್ಟ್ ಮೆಟ್ಟಿಲು ಅವರಿಗೆ ಆದೀತು, ನಿಮಗೆ ಆಗುತ್ತದಾ?

ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಇದೆ. ಹಾನಿ ಆದ ಕೂಡಲೇ ಫೋಟೊ ತೆಗೆದು, ಪಹಣಿ ಹಚ್ಚಿ ಅರ್ಜಿ ಕೊಡಿ. ಬಹಳ ರೈತರು ಮರುಬಿತ್ತನೆ ಆದ ಮೇಲೆ ಅರ್ಜಿ ಕೊಡುತ್ತಾರೆ. ಆಗ ನೋಡಲು ಬಂದವರಿಗೆ ಹೊಸ ಪೈರು ಕಾಣುತ್ತದೆ, ಹಾನಿ ಎಲ್ಲಿ ಅನ್ನುತ್ತಾರೆ.

ಮೆಕ್ಕೆಜೋಳ_ರಾಣೆಬೆನ್ನೂರು

ಅರ್ಜಿ ಕೊಟ್ಟಿದ್ದೆ ಸರ. ಬಂತು. ಬೀಜದ ದುಡ್ಡಿಗೂ ಸಾಲಲಿಲ್ಲ. ಇರಲಿ, ಕೊಲ್ಲುವ ಮನಸ್ಸು ನನಗೂ ಇಲ್ಲ, ಸಿಟ್ಟಿಗೆ ಹೇಳಿದೆ. ನಮ್ಮಜ್ಜಿ ಅವು ಬಂದರೆ ಓಡಿಸುತ್ತಲೂ ಇರಲಿಲ್ಲ. ಈಗ ಹೊಲದ ಸುತ್ತ ಹಳೆ ಸೀರೆ ಕಟ್ಟಿದ್ದೇನೆ. ಎಂಟು ದಿನ ಹೆದರುತ್ತವೆ, ಆಮೇಲೆ ಸೀರೆಯನ್ನೂ ಪರಿಚಯ ಮಾಡಿಕೊಳ್ಳುತ್ತವೆ.

ಆದರೆ ಒಂದು ಹೇಳಿ. ಅಲ್ಲಿ ಹೊಡೆಯಲು ಬಿಡುತ್ತಾರೆ, ಇಲ್ಲಿ ಬಿಡುವುದಿಲ್ಲ. ಯಾಕೆ? ಅವರ ಜಿಂಕೆ ಬೇರೆ, ನಮ್ಮ ಜಿಂಕೆ ಬೇರೆನಾ?

ಗದಗಿನ_ಅಕ್ಕ

ಅಣ್ಣಾರ, ಒಳ್ಳೆ ಪ್ರಶ್ನೆ. ಜಿಂಕೆ ಬೇರೆಯೇ, ಅಲ್ಲಿಯದು ಬಿಳಿಬಾಲದ್ದು. ಅಲ್ಲೂ ನೂರಿಪ್ಪತ್ತು ವರ್ಷದ ಹಿಂದೆ ಬಹಳ ಕಡೆ ಜಿಂಕೆ ಮುಗಿದೇ ಹೋಗಿದ್ದವು, ಮಾರುಕಟ್ಟೆಗೆ ಅಂತ ಹೊಡೆದು ಹೊಡೆದು. ಆಮೇಲೆ ಬಿಗಿ ಕಾನೂನು ತಂದರು. ತೋಳಗಳು ಬಹುತೇಕ ಹೋಗಿದ್ದವು, ಕಾಡಿನ ಅಂಚಿನಲ್ಲೆಲ್ಲ ಜೋಳ, ಸೋಯಾ. ಜಿಂಕೆ ತಿರುಗಿ ಏರಿದವು, ಈಗ ಕಾರಿಗೆ ಅಡ್ಡ ಬರುವಷ್ಟು. ಹಾಗಾಗಿ ಎಣಿಸಿ, ಇಂಥ ಕಡೆ ಇಷ್ಟು ಅಂತ ಚೀಟಿ ಕೊಟ್ಟು ಹೊಡೆಸುತ್ತಾರೆ. ಬೇಟೆ ಬಂದೂಕು, ತೋಟಾ ಮೇಲೆ ನೂರಕ್ಕೆ 11 ತೆರಿಗೆ ಇದೆ. 1937ರ ಕಾನೂನಿನಿಂದ ಅದು ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ನಮ್ಮಲ್ಲಿ ಚಿಗರಿ ಉಳಿದಿರುವುದೇ ಅಲ್ಲೊಂದು ಇಲ್ಲೊಂದು ತುಂಡು ಬಯಲಿನಲ್ಲಿ. ನಿಮ್ಮ ಅಭಯಾರಣ್ಯ 119 ಚದರ ಕಿಲೋಮೀಟರ್. ಅದರಲ್ಲೂ ಎಷ್ಟೋ ಕಡೆ ನೀಲಗಿರಿ ಮರ ನೆಟ್ಟರು. ಬಯಲ ಪ್ರಾಣಿ ಮರದ ಕೆಳಗೆ ಏನು ಮೇಯಬೇಕು? ನಿಮ್ಮ ಹೊಲಕ್ಕೆ ಬರುತ್ತದೆ.

ಮತ್ತೆ ರೈಫಲ್‌ಗೆ ಬರೋಣ. ಹುಡುಗ ಆಗಸ್ಟ್‌ಗೆ ಹೋಗಬೇಕು.

ನಾನು ಐದಡಿ ಎರಡಿಂಚು. ಮೊದಲ ವರ್ಷ ಯಜಮಾನರ 30-06 ಹಿಡಿದೆ. ಬಟ್ ಉದ್ದ ಆಯಿತು. ಕತ್ತು ಚಾಚಿ ಸ್ಕೋಪ್‌ಗೆ ಕಣ್ಣು ತಗುಲಿಸಿಕೊಂಡೆ, ಗುಂಡು ಹೊರಟಿತು, ಸ್ಕೋಪಿನ ಅಂಚು ಹುಬ್ಬಿಗೆ ಬಂತು. ಮೂರು ಹೊಲಿಗೆ. ಕುಂಕುಮ ಇಡುವಾಗ ಈಗಲೂ ಬೆರಳಿಗೆ ಆ ಗೆರೆ ಸಿಗುತ್ತದೆ. ಸ್ಕೋಪಿಗೂ ಕಣ್ಣಿಗೂ ಮೂರೂವರೆ ಇಂಚು ಜಾಗ ಇರಬೇಕು. ಬಟ್ ನಿಮ್ಮ ಅಳತೆಗೆ ಇದ್ದರೆ ಅದು ತಾನಾಗಿ ಸಿಗುತ್ತದೆ, ಇಲ್ಲದಿದ್ದರೆ ಕತ್ತು ಚಾಚುತ್ತೀರಿ.

ಅಳತೆ ನೋಡುವುದು ಹೀಗೆ. ಮೊಣಕೈ ಮಡಚಿ ಬಟ್ ಅನ್ನು ಮೊಣಕೈಯ ಒಳಗೆ ಇಡಿ. ಬೆರಳು ಟ್ರಿಗರ್‌ಗೆ ಸಲೀಸಾಗಿ ಸಿಗಬೇಕು. ದೊಡ್ಡವರ ರೈಫಲ್‌ಗಳ ಬಟ್ ಸಾಮಾನ್ಯವಾಗಿ ಹದಿಮೂರೂವರೆ ಇಂಚು ಆಸುಪಾಸು. ನಮ್ಮಂಥವರಿಗೆ ಹನ್ನೆರಡೂವರೆ ಸರಿ. ಕಾಂಪ್ಯಾಕ್ಟ್, ಯೂತ್ ಅಂತ ಬರೆದಿರುತ್ತಾರೆ. ಮಕ್ಕಳದು ಅಂತ ನಾಚಿಕೊಳ್ಳಬೇಡಿ. ನವೆಂಬರ್‌ನಲ್ಲಿ ಮೇಲೆ ದಪ್ಪ ಜಾಕೆಟ್ ಬೇರೆ ಇರುತ್ತದೆ, ಬಟ್ ಇನ್ನೂ ಒಂದಿಂಚು ಉದ್ದ ಆದ ಹಾಗೆ. ಅಂಗಡಿಗೆ ಜಾಕೆಟ್ ಹಾಕಿಕೊಂಡೇ ಹೋಗಿ. ನೋಡುವವರು ನೋಡಲಿ.

ತೋಟಾ ವಿಷಯಕ್ಕೆ ನನ್ನ ಮಾತು: .243. 1955ರಿಂದ ಇದೆ, ಯಾವ ಅಂಗಡಿಯಲ್ಲೂ ಸಿಗುತ್ತದೆ, .308ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಒದೆಯುತ್ತದೆ ಅಷ್ಟೇ. 95 ಅಥವಾ 100 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, ಡಬ್ಬಿಯ ಮೇಲೆ ಜಿಂಕೆಯ ಚಿತ್ರ ಇರುವುದೇ ತಗೊಳ್ಳಿ. 55 ಗ್ರೇನ್‌ದೂ ಸಿಗುತ್ತದೆ. ಅದು ನರಿ, ಹೆಗ್ಗಣದ ಜಾತಿಗೆ. ಜಿಂಕೆಗೆ ಹೊಡೆದರೆ ಮೇಲೆಯೇ ಒಡೆದು ಪ್ರಾಣಿ ಗಾಯಗೊಂಡು ಓಡುತ್ತದೆ.

ಕ್ಯಾಲಿಬರ್_ಕಿಂಗ್

.243 ಚಿಕ್ಕದು ಅಕ್ಕಾ. 6.5 ಕ್ರೀಡ್‌ಮೂರ್ ಆದರೂ ತಗೊಳ್ಳಲಿ.

ಗದಗಿನ_ಅಕ್ಕ

ಈ ಸಲ ನಿಮ್ಮ ಮಾತು ತಪ್ಪಲ್ಲ. ಕ್ರೀಡ್‌ಮೂರ್ ಕೂಡ ಒಳ್ಳೆಯದೇ, ಒದೆತ ನಡುವಿನದು. 2007ರಲ್ಲಿ ಗುರಿ ಸ್ಪರ್ಧೆಗೆ ಅಂತ ಬಂದದ್ದು, ಈಗ ಎಲ್ಲರ ಕೈಯಲ್ಲೂ ಇದೆ. ಆದರೆ ಅದರ ಹೆಚ್ಚುಗಾರಿಕೆ ಕಾಣುವುದು ದೂರದಲ್ಲಿ. ವಿಸ್ಕಾನ್ಸಿನ್ ಕಾಡಿನಲ್ಲಿ ನೂರು ಗಜ ಬಯಲು ಕಂಡರೆ ಅದೃಷ್ಟ. ಅಂದಹಾಗೆ ಯಾರಾದರೂ ನನ್ನ ರಾಜ್ಯಕ್ಕೆ ಬರುವವರಿದ್ದರೆ ಇದು ಯಾವುದೂ ನಡೆಯುವುದಿಲ್ಲ. ಒಹಾಯೋದಲ್ಲಿ ಜಿಂಕೆಗೆ ರೈಫಲ್ ಅಂದರೆ ನೆಟ್ಟನೆ ಕೊಳವೆಯಂಥ ತೋಟಾ ಮಾತ್ರ, .350 ಲೆಜೆಂಡ್ ಥರದ್ದು. ಗುಂಡು ಬಹಳ ದೂರ ಹೋಗಬಾರದು ಅಂತ. ರಾಜ್ಯಕ್ಕೊಂದು ಕಾನೂನು.

ಲೈನ್‌ಬಜಾರ್_ಪೇಡೆ

ನಾನು ಇಲ್ಲೇ 10 ಮೀಟರ್ ಏರ್ ರೈಫಲ್ ಹೊಡೆಯುವವಳು, ರಾಜ್ಯ ಮಟ್ಟದವರೆಗೆ ಹೋಗಿದ್ದೇನೆ. ಉಣಕಲ್ ಅಣ್ಣಾ, ಊರಲ್ಲಿ ಇರುವಷ್ಟು ದಿನ ಸುಮ್ನೆ ಯಾಕೆ ಕೂರುತ್ತೀರಿ? ನಮ್ಮ ರೇಂಜಿಗೆ ಬನ್ನಿ, ಕೋಚ್ ಅವರನ್ನು ಕೇಳಿದ್ದೇನೆ. 4.5 ಮಿಲಿಮೀಟರ್ ಪೆಲೆಟ್, ಒದೆತವೇ ಇಲ್ಲ. ಉಸಿರು, ಟ್ರಿಗರ್, ಕಣ್ಣು ಮೂರೂ ಇಲ್ಲೇ ಕಲಿತುಬಿಡಬಹುದು. ಶನಿವಾರ ಬೆಳಿಗ್ಗೆ ಏಳಕ್ಕೆ. ಬರುವಾಗ ಟೀ ಕುಡಿಯಬೇಡಿ, ಕೈ ನಡುಗುತ್ತದೆ.

ಉಣಕಲ್_ಹುಡುಗ

ಇವತ್ತು ಹೋಗಿದ್ದೆ. ಬರೆಯಬೇಕಾದ್ದು ಬಹಳ ಇದೆ.

ಮೊದಲು ರೈಫಲ್ ಕೊಡಲೇ ಇಲ್ಲ. ಅರ್ಧ ಗಂಟೆ ಖಾಲಿ ಕೈ. ಆಮೇಲೆ ಸ್ಟ್ಯಾಂಡ್ ಮೇಲೆ ಇಟ್ಟು ಹಿಡಿಸಿದರು. ಹತ್ತು ಮೀಟರ್ ದೂರದ ಕಾಗದದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್! ಸಾಸಿವೆ ಕಾಳಿಗಿಂತ ಚಿಕ್ಕದು. ನನ್ನವು ಎಲ್ಲ ಎಡಕ್ಕೆ ಹೋದವು. ಎಡಕ್ಕೆ, ಇನ್ನೂ ಎಡಕ್ಕೆ, ಒಂದಂತೂ ಪಕ್ಕದವನ ಕಾಗದಕ್ಕೆ. ಆ ಹುಡುಗ ಎಂಟನೇ ಕ್ಲಾಸು, "ಥ್ಯಾಂಕ್ಯೂ ಅಂಕಲ್" ಅಂದ.

ಕೋಚ್ ಬಂದು ಏನೂ ಮಾತಾಡದೆ ಎದುರಿಗೆ ನಿಂತರು. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳು ಕೂಡಿಸಿ ಸಣ್ಣ ಕಿಂಡಿ ಮಾಡು ಅಂದರು. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ಗೋಡೆ ಗಡಿಯಾರ ಹಿಡಿದೆ. ಈಗ ಎಡಗಣ್ಣು ಮುಚ್ಚು ಅಂದರು. ಗಡಿಯಾರ ಮಾಯ! ಬಲಗಣ್ಣು ಮುಚ್ಚಿದೆ, ಗಡಿಯಾರ ಅಲ್ಲೇ ಇದೆ, ಏಳು ಐವತ್ತು. ಅಂದರೆ ನನ್ನ ಎಡಗಣ್ಣೇ ಯಜಮಾನ. ಬಲಗೈಯಲ್ಲಿ ಉಣ್ಣುತ್ತೇನೆ, ಬರೆಯುತ್ತೇನೆ, ಮೂವತ್ತೊಂದು ವರ್ಷ ಆಯಿತು, ಇದು ಗೊತ್ತೇ ಇರಲಿಲ್ಲ. ಜಾತ್ರೆಯ ಬಲೂನ್ ಯಾಕೆ ಒಡೆಯಲಿಲ್ಲ ಅಂತ ಇವತ್ತು ತಿಳಿಯಿತು.

ಎಡ ಭುಜಕ್ಕೆ ಇಟ್ಟು ಹೊಡೆಸಿದರು. ಕೈ ತಡಬಡಾಯಿಸಿತು, ಆದರೆ ಪೆಲೆಟ್ ಎಲ್ಲ ಒಂದು ರೂಪಾಯಿ ನಾಣ್ಯದೊಳಗೆ. ಈಗ ಹೇಳಿ, ರೈಫಲ್ ಯಾವುದು ತಗೊಳ್ಳಲಿ? ಪ್ರಶ್ನೆ ಮತ್ತೆ ಮೊದಲಿಗೆ ಬಂತು.

ಬ್ಯಾಡಗಿ_ಖಾರ

ನಮ್ಮ ಮನೆಯಲ್ಲಿ ಎಲ್ಲರೂ ಗಡಿಯಾರದ ಮುಂದೆ ಕಿಂಡಿ ಮಾಡಿಕೊಂಡು ನಿಂತಿದ್ದಾರೆ. ಅತ್ತೆ ಎಡಗಣ್ಣಿನವರು. ನನಗೆ ಮೊದಲೇ ಅನುಮಾನ ಇತ್ತು.

ಹವಾಲ್ದಾರ_ಕಾಕಾ

ಶಹಬ್ಬಾಸ್, ಆ ಕೋಚ್‌ಗೆ ನನ್ನ ನಮಸ್ಕಾರ ತಿಳಿಸು. ಪಲ್ಟನ್‌ನಲ್ಲಿ ಇಂಥವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಿದ್ದರು. ಬಲಗಡೆಯೇ ಹಿಡಿದು ಎಡಗಣ್ಣು ಮುಚ್ಚಿ ಹೊಡೆ ಅನ್ನುತ್ತಿದ್ದೆವು. ಅದೂ ನಡೆಯುತ್ತದೆ, ಸ್ಕೋಪ್ ಇದ್ದರೆ ಇನ್ನೂ ಸುಲಭ. ಹಳೇ ರೂಢಿ ಇದ್ದವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ನಿನಗೆ ರೂಢಿಯೇ ಇಲ್ಲ. ಹಸಿ ಗೋಡೆ. ಎಡಗಡೆಯಿಂದಲೇ ಶುರು ಮಾಡು.

ಬೋಲ್ಟ್ ಆಕ್ಷನ್ ಅಂದರೆ ಪ್ರತಿ ಗುಂಡಿಗೂ ಹಿಡಿ ಎತ್ತಿ ಹಿಂದೆಳೆದು ಮುಂದೆ ನೂಕಬೇಕು. ಆ ಹಿಡಿ ಸಾಮಾನ್ಯವಾಗಿ ಬಲಕ್ಕಿರುತ್ತದೆ. ಎಡ ಭುಜದವನು ಮೇಲಿಂದ ಕೈ ಸುತ್ತಿಸಿ ಎಳೆಯಬೇಕು, ಗುರಿ ಕದಡುತ್ತದೆ. ಎಡಗೈಯವರ ಬೋಲ್ಟ್ ಸಿಗುತ್ತದಾ ಅಕ್ಕಾರ?

ಗದಗಿನ_ಅಕ್ಕ

ಸಿಗುತ್ತದೆ ಕಾಕಾ. ರೂಗರ್ ಅಮೆರಿಕನ್, ಸ್ಯಾವೇಜ್, ಟಿಕ್ಕಾ ಮೂರರಲ್ಲೂ ಎಡಗೈಯದು ಮಾಡುತ್ತಾರೆ. ಟಿಕ್ಕಾ ನುಣುಪು, ಆದರೆ ಇವರ ಬಜೆಟ್ ದಾಟುತ್ತದೆ. ಅಂಗಡಿಯಲ್ಲಿ ಎಡಗೈಯದು ಗೋಡೆಯ ಮೇಲೆ ಇರುವುದು ಕಡಿಮೆ, ಕೇಳಿ ತರಿಸಬೇಕು. ಬೋಲ್ಟ್ ಬೇಡ ಅಂದರೆ ಲಿವರ್ ಇದೆ. ಕೆಳಗಿನ ಬಳೆ ಎಳೆದು ಬಿಡುವುದು, ಎಡ ಬಲ ಭೇದ ಇಲ್ಲ. 30-30 ಲಿವರ್ 1890ರ ದಶಕದಿಂದಲೂ ಕಾಡಿನ ಜಿಂಕೆಗೆ ಸಾಕಾಗಿದೆ. ಈಗ ಹೊಸದರ ರೇಟು ಮಾತ್ರ ಏರಿದೆ.

ಹಳೆಯದು ನೋಡಿ. ಬೇಟೆ ರೈಫಲ್ ವರ್ಷಕ್ಕೆ ಹತ್ತು ಗುಂಡು ಹೊಡೆದು ಕಪಾಟು ಸೇರುತ್ತದೆ, ಸವೆಯುವುದಿಲ್ಲ. ಬೋಲ್ಟ್ ತೆಗೆಸಿ ನಳಿಗೆಯೊಳಗೆ ಬೆಳಕು ಹಿಡಿದು ನೋಡಿ. ಗೆರೆಗಳು ಚೂಪಾಗಿ ಹೊಳೆಯಬೇಕು, ತುಕ್ಕಿನ ಕುಳಿ ಇರಬಾರದು. ಉಳಿದ ದುಡ್ಡು ಸ್ಕೋಪ್‌ಗೆ ಹಾಕಿ. 3-9x40 ಸಾಕು. ಕಾಡಿನಲ್ಲಿ ಯಾವಾಗಲೂ 3ರ ಮೇಲೇ ಇಟ್ಟುಕೊಳ್ಳಿ. 9ಕ್ಕೆ ತಿರುಗಿಸಿಟ್ಟರೆ ಹತ್ತಿರದ ಜಿಂಕೆ ಬರೀ ಕೂದಲಾಗಿ ಕಾಣುತ್ತದೆ. ಮುಂದೆ ಯಾವುದು, ಹಿಂದೆ ಯಾವುದು ಗೊತ್ತಾಗದು. ಸ್ಕೋಪ್ ಕೂರಿಸುವ ಉಂಗುರಗಳಲ್ಲಿ ಉಳಿತಾಯ ಮಾಡಬೇಡಿ.

ಹವಾಲ್ದಾರ_ಕಾಕಾ

ತಗೊಂಡ ಮೇಲೆ ಮಾಡಬೇಕಾದ್ದು ಹೇಳಿಬಿಡುತ್ತೇನೆ, ಆಮೇಲೆ ನನಗೆ ಮರೆಯುತ್ತದೆ.

ಮೊದಲು ಗ್ರೂಪಿಂಗ್, ಆಮೇಲೆ ಝೀರೋಯಿಂಗ್. ಅಂದರೆ ಮೂರು ಗುಂಡು ಒಂದೇ ಕಡೆ ಬೀಳುವುದನ್ನು ಮೊದಲು ಕಲಿ, ಎಲ್ಲಿ ಬಿದ್ದರೂ ಚಿಂತೆ ಇಲ್ಲ. ಬಿದ್ದ ಜಾಗವನ್ನು ಸ್ಕೋಪ್ ತಿರುಗಿಸಿ ಸರಿ ಮಾಡಬಹುದು. ಚೆಲ್ಲಾಪಿಲ್ಲಿಯನ್ನು ಯಾವ ಸ್ಕೋಪೂ ಸರಿ ಮಾಡದು. 25 ಗಜದಲ್ಲಿ ಶುರು ಮಾಡು, ಕಾಗದಕ್ಕೆ ಬಿದ್ದ ಮೇಲೆ 100ಕ್ಕೆ ಹೋಗು.

ಕಣ್ಣು ಮುಚ್ಚುವ ಚಟಕ್ಕೆ ಒಂದು ಮದ್ದು. ಹಿರಿಯರ ಕೈಯಲ್ಲಿ ತೋಟಾ ತುಂಬಿಸು, ನೀನು ನೋಡಬೇಡ. ಕೆಲವೊಮ್ಮೆ ನಿಜವಾದದ್ದು, ಕೆಲವೊಮ್ಮೆ ಡಮ್ಮಿ. ಡಮ್ಮಿ ಬಂದಾಗ ಟಕ್ ಅನ್ನುತ್ತದೆ, ಗುಂಡು ಇಲ್ಲ. ಆಗ ನಳಿಗೆಯ ತುದಿ ಕೆಳಗೆ ಕುಸಿದರೆ ನೀನು ಹೆದರಿದ್ದೀಯ ಅಂತ ಅರ್ಥ. ಇದರ ಮುಂದೆ ಯಾರೂ ಸುಳ್ಳು ಹೇಳಲಾಗದು. ಕಿವಿಗೆ ಮಫ್ ಹಾಕಿಕೋ, ಅರ್ಧ ಹೆದರಿಕೆ ಸದ್ದಿನದೇ. ನನ್ನ ಬಲಗಿವಿ ಮಂದ, ನಮ್ಮ ಕಾಲದಲ್ಲಿ ಹತ್ತಿ ತುರುಕಿಕೊಳ್ಳುತ್ತಿದ್ದೆವು ಅಷ್ಟೇ.

ಕಪ್ಪುಕೋಟು_ಧಾರವಾಡ

ವಿಷಯ ಬಿಟ್ಟು ಒಂದು ಮಾತು. ಇದನ್ನೆಲ್ಲ ಓದಿ ಹುಮ್ಮಸ್ಸಿಗೆ ಇಲ್ಲಿ ಏರ್ ಗನ್ ಕೊಂಡು ಬೆಳವ, ಗೌಜುಗದ ಹಿಂದೆ ಬೀಳಬೇಡಿ. 0.177 ಇಂಚಿನ ಏರ್ ರೈಫಲ್, ಹೊಡೆತದ ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಕಿಲ್ಲ, ನಿಜ. ಹಕ್ಕಿ ಹೊಡೆಯಲು ರಜೆ ಕೊಟ್ಟಿದ್ದಾರೆ ಅಂತ ಅದರ ಅರ್ಥ ಅಲ್ಲ. ಇಂಥ ಕೇಸ್‌ಗಳಲ್ಲಿ ಸಿಕ್ಕಿಬಿದ್ದ ಹುಡುಗರೆಲ್ಲ ಹೇಳುವುದು ಒಂದೇ: "ಲೈಸೆನ್ಸ್ ಬೇಡ ಅಂದ್ರಲ್ಲ ಸರ."

ಉಣಕಲ್_ಹುಡುಗ

ವಾಪಸ್ ಬಂದು ಎರಡು ತಿಂಗಳಾಯಿತು. ಇಲ್ಲಿಯವರೆಗಿನ ಕಥೆ:

1973ರಲ್ಲಿ ಅಥವಾ ಆಮೇಲೆ ಹುಟ್ಟಿದವರು ಇಲ್ಲಿ ಬೇಟೆ ಶಿಕ್ಷಣದ ಕೋರ್ಸ್ ಮಾಡಲೇಬೇಕು. ಮಾಡಿದೆ. ಲೈಸೆನ್ಸ್ ಬಂತು. ವಕೀಲರನ್ನು ಕೇಳಿದೆ, ಅಕ್ಕಾರು ಹೇಳಿದ್ದನ್ನೇ ಹೇಳಿ ಬಿಲ್ ಕಳಿಸಿದರು.

ಹಳೆಯ ಸ್ಯಾವೇಜ್ 110 ಸಿಕ್ಕಿತು. ಎಡಗೈ ಬೋಲ್ಟ್, .243, ಕಟ್ಟಿಗೆಯ ಬಟ್. 380 ಡಾಲರ್. ಯಾರೋ ಎಡಗೈ ಅಜ್ಜನದಂತೆ, ಮೊಮ್ಮಕ್ಕಳೆಲ್ಲ ಬಲಗೈಯವರು, ಅದಕ್ಕೇ ಮಾರಿದರು. ಬಟ್ ಉದ್ದ ಇತ್ತು. ಬಂದೂಕು ರಿಪೇರಿಯವರು ಮುಕ್ಕಾಲು ಇಂಚು ಕೊಯ್ದು ಹಿಂದೆ ಮೆತ್ತನೆ ರಬ್ಬರ್ ಹಚ್ಚಿದರು. ಕೊಯ್ದ ಬಿಲ್ಲೆ ನನಗೇ ಕೊಟ್ಟರು. ಮೇಜಿನ ಮೇಲೆ ಟೀ ಕಪ್ ಇಡಲು ಬಳಸುತ್ತಿದ್ದೇನೆ.

ಡಮ್ಮಿ ತೋಟಾ ಪರೀಕ್ಷೆ: ಮೊದಲ ದಿನ ಐದಕ್ಕೆ ಐದೂ ಕುಸಿದವು. ಮೂರನೇ ವಾರ ಒಂದು. ಈಗ 100 ಗಜದಲ್ಲಿ ಮೂರು ಗುಂಡು ಪೂರಿ ಅಗಲದಲ್ಲಿ ಬೀಳುತ್ತಿವೆ. ಜಿಂಕೆಯ ಮುಂಗಾಲ ಹಿಂದೆ ಹೃದಯ, ಶ್ವಾಸಕೋಶ ಇರುವ ಜಾಗ ಎಂಟು ಇಂಚು ಅಂತೆ, ತಿಂಡಿ ತಟ್ಟೆಯಷ್ಟು. ಕುಳಿತು ಹೊಡೆದರೆ ತಟ್ಟೆಗೆ ತಪ್ಪುವುದಿಲ್ಲ. ನಿಂತು ಹೊಡೆದರೆ ಹತ್ತರಲ್ಲಿ ನಾಲ್ಕು ಹೊರಗೆ. ಹಾಗಾಗಿ ನಿಂತು ಹೊಡೆಯುವುದಿಲ್ಲ ಅಂತ ಹಿರಿಯರಿಗೆ ಮಾತು ಕೊಟ್ಟಿದ್ದೇನೆ.

ಗದಗಿನ_ಅಕ್ಕ

ಕಿತ್ತಳೆ ಜಾಕೆಟ್ ತಗೊಂಡ್ರಾ? ಸೊಂಟದ ಮೇಲೆ ಅರ್ಧದಷ್ಟಾದರೂ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಇರಬೇಕು, ಅಲ್ಲಿ ಕಾನೂನು. ಟೋಪಿಯೂ ಹಾಗೆಯೇ. ಮತ್ತೆ ರಾತ್ರಿ ರೈಫಲ್ ಅನ್ನು ಬೆಚ್ಚಗಿನ ಕೋಣೆಗೆ ತರಬೇಡಿ. ಚಳಿಯಿಂದ ತಂದರೆ ಒಳಗೆಲ್ಲ ಬೆವರುತ್ತದೆ, ಬೆಳಿಗ್ಗೆ ಅದೇ ನೀರು ಬೋಲ್ಟ್‌ನಲ್ಲಿ ಮಂಜಾಗುತ್ತದೆ.

ಉಣಕಲ್_ಹುಡುಗ

ಮುಗಿಯಿತು. ಬರೆಯಲೋ ಬೇಡವೋ ಅಂತ ಒಂದು ವಾರ ಯೋಚಿಸಿದೆ.

ಮೊದಲ ಶನಿವಾರ ಹತ್ತು ಗಂಟೆ ಮರದ ಬುಡದಲ್ಲಿ ಕೂತೆ. ಅಳಿಲು ಬಿಟ್ಟರೆ ಏನಿಲ್ಲ. ಭಾನುವಾರ ಒಂದು ಹೆಣ್ಣು ಬಂತು, ಪೊದೆಯ ಹಿಂದೆ ಇನ್ನೊಂದು ನಿಂತಿತ್ತು. ಗುಂಡು ದಾಟಿ ಅದಕ್ಕೂ ತಗುಲಬಹುದು ಅಂತ ಬಿಟ್ಟೆ. ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ಒಂದೇ ಹೆಣ್ಣು, ಅಡ್ಡ ನಿಂತಿದೆ, ಎಪ್ಪತ್ತು ಗಜ. ಕೂತಿದ್ದೆ, ಮೊಣಕಾಲ ಮೇಲೆ ಮೊಣಕೈ. ಅರ್ಧ ಉಸಿರು ಬಿಟ್ಟು ನಿಲ್ಲಿಸಿದೆ. ಅದು ನಲವತ್ತು ಹೆಜ್ಜೆ ಓಡಿ ಬಿತ್ತು.

ಹತ್ತಿರ ಹೋದೆ. ಕಣ್ಣು ತೆರೆದೇ ಇತ್ತು, ರೆಪ್ಪೆಯ ಮೇಲೆ ಹಿಮದ ಪುಡಿ ಕರಗುತ್ತಿತ್ತು. ಕೈ ನಡುಗಿ ಚಾಕುವಿನ ಒರೆ ತೆಗೆಯಲು ಆಗಲಿಲ್ಲ, ಹಿರಿಯರು ತೆಗೆದುಕೊಟ್ಟರು. ಸ್ವಚ್ಛ ಮಾಡಲು ಎರಡು ಗಂಟೆ. ಮರುದಿನ ಸಂಜೆ ಐದರೊಳಗೆ ನೋಂದಾಯಿಸಬೇಕು, ಮಾಡಿದೆ. ಈ ರಾಜ್ಯದಲ್ಲಿ 2002ರಿಂದ ಜಿಂಕೆಗಳಲ್ಲಿ ಒಂದು ಮಿದುಳಿನ ರೋಗ ಇದೆ, ಅದರ ಪರೀಕ್ಷೆಗೂ ಕೊಟ್ಟಿದ್ದೇನೆ. ಫಲಿತಾಂಶ ಬರುವವರೆಗೆ ಮಾಂಸ ಫ್ರಿಜ್‌ನಲ್ಲಿ. ಅವ್ವನಿಗೆ ಇನ್ನೂ ಹೇಳಿಲ್ಲ.

ಹವಾಲ್ದಾರ_ಕಾಕಾ

ಭುಜ ಹೇಗಿದೆ?

ಉಣಕಲ್_ಹುಡುಗ

ಕಾಕಾ, ಒದೆತ ಗೊತ್ತೇ ಆಗಲಿಲ್ಲ. ಸದ್ದೂ ಕೇಳಿಸಲಿಲ್ಲ ಅನ್ನಿಸುತ್ತದೆ.

ಹವಾಲ್ದಾರ_ಕಾಕಾ

ಸರಿ ಹಾಗಾದರೆ. ಮಾರ್ಚ್ 31 ನೆನಪಿರಲಿ.

ಮೆಕ್ಕೆಜೋಳ_ರಾಣೆಬೆನ್ನೂರು

ಇಲ್ಲಿ ಕಡಲೆ ಗೇಣುದ್ದ ಆಗಿದೆ. ಇವತ್ತು ನಸುಕಿಗೆ ಹದಿನಾಲ್ಕು ಬಂದಿದ್ದವು, ಎಣಿಸಿದೆ. ಹೊಸ ಸೀರೆ ಕಟ್ಟಿದ್ದೆ, ಗುಲಾಬಿ ಬಣ್ಣದ್ದು. ನಿಂತು ನೋಡಿ, ಆ ಕಡೆಯಿಂದ ಸುತ್ತಿ ಒಳಗೆ ಬಂದವು.